ಅಜ್ಜಿಯ ಊರು ಯಾವುದು ಅಂತ ಕೇಳದ ಆಟ: ಐಸ್ ಹಾಕಿಯ ಪಾಸ್‌ಪೋರ್ಟ್ ಲೆಕ್ಕ

2022ರ ಫೆಬ್ರವರಿ 10. ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಚೀನಾಕ್ಕೂ ಅಮೆರಿಕಕ್ಕೂ ಪುರುಷರ ಐಸ್ ಹಾಕಿ ಪಂದ್ಯ. ಚೀನಾದ ಗೋಲ್‌ಕೀಪರ್ ಹೆಸರು ಪಟ್ಟಿಯಲ್ಲಿ ಜಿಯೆರುಯಿಮಿ ಶಿಮಿಸಿ ಅಂತ ಇತ್ತು. ಇವರು ಬೇರೆ ಯಾರೂ ಅಲ್ಲ, ಅಮೆರಿಕದ ಮಿಷಿಗನ್‌ನಲ್ಲಿ ಹುಟ್ಟಿದ ಜೆರೆಮಿ ಸ್ಮಿತ್. ಅದೇ ತಂಡದ ಡಿಫೆನ್ಸ್‌ನಲ್ಲಿ ಜೇಕ್ ಚೆಲಿಯೊಸ್ ಇದ್ದರು. ಅವರಪ್ಪ ಕ್ರಿಸ್ ಚೆಲಿಯೊಸ್ ಒಂದು ಕಾಲದಲ್ಲಿ ಅಮೆರಿಕದ ಒಲಿಂಪಿಕ್ ತಂಡಕ್ಕೇ ನಾಯಕರಾಗಿದ್ದವರು. ಅಪ್ಪ ಯಾವ ದೇಶಕ್ಕೆ ಆಡಿದ್ದರೋ ಅದೇ ದೇಶದ ವಿರುದ್ಧ ಮಗ ಚೀನಾ ಜರ್ಸಿಯಲ್ಲಿ ಆಡಿದರು. ಅಮೆರಿಕ 8-0 ಅಂತರದಲ್ಲಿ ಗೆದ್ದಿತು.

ಚೀನಾ ತಂಡದ 25 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹೊರದೇಶದಲ್ಲಿ ಹುಟ್ಟಿ ಬೆಳೆದವರು. ಹೆಚ್ಚಿನವರು ಕೆನಡಾದವರು, ಕೆಲವರು ಅಮೆರಿಕದವರು, ಒಬ್ಬರು ರಷ್ಯಾದವರು. ಕೆಲವರಿಗೆ ಚೀನಾ ಮೂಲದ ಅಪ್ಪನೋ ಅಮ್ಮನೋ ಅಜ್ಜನೋ ಇದ್ದರು, ಇನ್ನು ಕೆಲವರಿಗೆ ಆ ನಂಟೂ ಇರಲಿಲ್ಲ. 'ಇದೆಂಥ ಚೀನಾ ತಂಡ?' ಅಂತ ಜಗತ್ತು ನಕ್ಕಿತು. ನಗುವುದು ಸುಲಭ. ಆದರೆ ಆ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದ್ದು ಅಂತ ನನಗನ್ನಿಸುತ್ತದೆ. ಆಟಗಾರ ಎಲ್ಲಿ ಹುಟ್ಟಿದ, ರಕ್ತ ಯಾವುದು ಅನ್ನುವುದಕ್ಕಿಂತ, ಜರ್ಸಿ ಹಾಕುವ ಮೊದಲು ಆ ದೇಶದಲ್ಲಿ ಎಷ್ಟು ವರ್ಷ ಆಡಿದ, ಅವನು ಹೋದ ಮೇಲೆ ಅಲ್ಲಿ ಏನು ಉಳಿಯಿತು ಅಂತ ಕೇಳಬೇಕು. ಐಸ್ ಹಾಕಿಯಲ್ಲಿ ಈ ಎರಡಕ್ಕೂ ಉತ್ತರ ಸಿಗುತ್ತದೆ, ಯಾಕೆಂದರೆ ಈ ಆಟದಲ್ಲಿ ಹೀಗೆ ಆಟಗಾರರನ್ನು ತರಿಸಿಕೊಳ್ಳುವುದು ನೂರು ವರ್ಷದಷ್ಟು ಹಳೆಯ ಚಾಳಿ.

ಹಾಕಿ ಅಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ. ಇದು ಆ ಹಾಕಿ ಅಲ್ಲ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು, ಪಕ್ ಅನ್ನುವ ಗಟ್ಟಿ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟ. ಒಂದು ಸಲಕ್ಕೆ ಐದು ಜನ ಆಟಗಾರರು, ಜೊತೆಗೆ ಗೋಲ್‌ಕೀಪರ್. ಆ ಐದು ಜನ ಮುಕ್ಕಾಲು ನಿಮಿಷದ ಆಸುಪಾಸು ಓಡಿ ಸುಸ್ತಾಗಿ ಬೆಂಚಿಗೆ ಬರುತ್ತಾರೆ, ಹೊಸ ಐವರು ಒಳಗೆ ಹೋಗುತ್ತಾರೆ. 60 ನಿಮಿಷವೂ ಹೀಗೇ ನಡೆಯುತ್ತದೆ. ಹಾಗಾಗಿ ನಾಲ್ಕೈದು ಜನ ಒಳ್ಳೆಯವರಿದ್ದರೆ ಸಾಲದು, ಇಪ್ಪತ್ತು ಜನ ಬೇಕು. ಪೂರ್ತಿ ಹೊತ್ತು ನಿಲ್ಲುವವನು ಗೋಲ್‌ಕೀಪರ್ ಒಬ್ಬನೇ. ಬಡ ಐಸ್ ಹಾಕಿ ದೇಶಗಳು ಹೊರಗಿನಿಂದ ಒಬ್ಬನನ್ನು ತರುವುದಾದರೆ ಗೋಲ್‌ಕೀಪರನ್ನೇ ಯಾಕೆ ಹುಡುಕುತ್ತವೆ ಅನ್ನುವುದಕ್ಕೆ ಇದೇ ಕಾರಣ. ಒಬ್ಬನಿಗೆ ಪಾಸ್‌ಪೋರ್ಟ್ ಕೊಟ್ಟರೆ ಅರ್ಧ ತಂಡ ಸಿಕ್ಕ ಹಾಗೆ.

ಇನ್ನು ನಿಯಮ. ಕರಾವಳಿ, ಮಲೆನಾಡಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನೋಡಿದವರಿಗೆ 'ಗೆಸ್ಟ್ ಪ್ಲೇಯರ್' ಜಗಳ ಗೊತ್ತೇ ಇರುತ್ತದೆ. ಪಕ್ಕದ ತಾಲೂಕಿನ ಬೌಲರ್ ಒಬ್ಬನನ್ನು ಕರೆಸಿದರೆ ಎದುರು ತಂಡ ಆಧಾರ್ ಕಾರ್ಡ್ ತೋರಿಸಿ ಅನ್ನುತ್ತದೆ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ, ಅಂದರೆ ಐಐಎಚ್‌ಎಫ್, ಆಧಾರ್ ತೋರಿಸಿದರೂ ಒಪ್ಪುವುದಿಲ್ಲ. ಹೊಸದಾಗಿ ಪೌರತ್ವ ಪಡೆದವನು ಆ ದೇಶದ ಕ್ಲಬ್ ಪಂದ್ಯಗಳಲ್ಲಿ ಕನಿಷ್ಠ ಎರಡು ವರ್ಷ ಸತತವಾಗಿ ಆಡಿರಬೇಕು. ಮೊದಲೇ ಇನ್ನೊಂದು ದೇಶಕ್ಕೆ ಆಡಿದ್ದರೆ ನಾಲ್ಕು ವರ್ಷ. ಅದೂ ಜೀವನದಲ್ಲಿ ಒಂದೇ ಸಲ. ಕೆನಡಾದಲ್ಲಿ ಹುಟ್ಟಿದ ಹ್ಯಾನಾ ಮಿಲ್ಲರ್ 2022ರಲ್ಲಿ ಚೀನಾ ಮಹಿಳಾ ತಂಡಕ್ಕೆ ಆಡಿದ್ದರು. 2025ರ ವಿಶ್ವ ಚಾಂಪಿಯನ್‌ಷಿಪ್‌ಗೆ ಕೆನಡಾ ಅವರನ್ನು ಆರಿಸಿತು, ಇನ್ನೇನು ಟೂರ್ನಿ ಶುರುವಾಗಬೇಕು ಅನ್ನುವಾಗ ಐಐಎಚ್‌ಎಫ್ ಅವರಿಗೆ ಅರ್ಹತೆ ಇಲ್ಲ ಅಂದಿತು. ಹುಟ್ಟಿದ ದೇಶಕ್ಕೆ ವಾಪಸ್ ಆಡುವುದಕ್ಕೂ ಲೆಕ್ಕ ಕೇಳುವ ನಿಯಮ ಇದು.

ಕ್ರೂರ ಅನ್ನಿಸಬಹುದು. ಆದರೆ ಫುಟ್‌ಬಾಲ್ ಜೊತೆ ಹೋಲಿಸಿ ನೋಡಿ. ಅಲ್ಲಿ ಅಜ್ಜನೋ ಅಜ್ಜಿಯೋ ಆ ದೇಶದಲ್ಲಿ ಹುಟ್ಟಿದ್ದರೆ, ಕೈಯಲ್ಲಿ ಪೌರತ್ವವೂ ಇದ್ದರೆ ಸಾಕು, ಒಂದು ದಿನವೂ ಅಲ್ಲಿ ವಾಸ ಮಾಡಬೇಕಿಲ್ಲ. ಪರಿಣಾಮ ಏನಾಯಿತು? 2025ರ ಸೆಪ್ಟೆಂಬರ್‌ನಲ್ಲಿ ಫಿಫಾ ಮಲೇಷ್ಯಾದ ಏಳು ಆಟಗಾರರನ್ನು ಅಮಾನತು ಮಾಡಿತು. ಅವರನ್ನು ಆಡಿಸಲು ಕೊಟ್ಟ ದಾಖಲೆಗಳೇ ತಿದ್ದಿದವು ಅನ್ನುವುದು ಆರೋಪ. ಅಜ್ಜಿಯ ಜನನ ಪತ್ರ ತಿದ್ದಬಹುದು. ಒಂದು ಊರಿನ ಕ್ಲಬ್‌ನಲ್ಲಿ, ನೋಡುವ ಜನರ ಎದುರಿಗೆ, ಎರಡು ಸೀಸನ್ ಆಡಿದ್ದನ್ನು ತಿದ್ದುವುದು ಕಷ್ಟ.

ಈ ನಿಯಮದ ಒಳಗೇ ಇದ್ದುಕೊಂಡು, ಸಾಕಷ್ಟು ಮರ್ಯಾದೆಯಿಂದ ಇದನ್ನು ಮಾಡಿದ ದೇಶ ದಕ್ಷಿಣ ಕೊರಿಯಾ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಅವರ ಪಾಲಿಗೆ ಬಂದಾಗ ಒಂದು ಪೇಚು ಎದುರಾಯಿತು. ಆತಿಥೇಯ ದೇಶ ಅನ್ನುವ ಒಂದೇ ಕಾರಣಕ್ಕೆ ಐಸ್ ಹಾಕಿಯಲ್ಲಿ ನೇರ ಪ್ರವೇಶ ಕೊಡುವ ಪದ್ಧತಿಯನ್ನು 2006ರ ಟುರಿನ್ ಕೂಟದ ನಂತರ ಕೈಬಿಟ್ಟಿದ್ದರು. ಕೊರಿಯಾಕ್ಕೆ ಅರ್ಹತೆ ಗಿಟ್ಟಿಸುವಷ್ಟು ಬಲ ಇರಲಿಲ್ಲ. ಸುಮ್ನೆ ಬಂದು ಇಪ್ಪತ್ತು ಗೋಲು ಹೊಡೆಸಿಕೊಂಡು ಹೋದರೆ ಕೂಟಕ್ಕೇ ಅವಮಾನ ಅನ್ನುವ ಭಯ ಐಐಎಚ್‌ಎಫ್‌ಗೆ. ತಂಡವನ್ನು ಗಂಭೀರವಾಗಿ ಕಟ್ಟುತ್ತೇವೆ ಅಂತ ಕೊರಿಯಾ ನಂಬಿಸಬೇಕಾಯಿತು. 2014ರಲ್ಲಿ ಜಿಮ್ ಪೆಕ್ ಕೋಚ್ ಆಗಿ ಬಂದರು. ಸಿಯೋಲ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಪೆಕ್ 1991 ಮತ್ತು 1992ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಜೊತೆ, ಉತ್ತರ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದವರು. ಅದೇ ವರ್ಷ ನೇರ ಪ್ರವೇಶಕ್ಕೂ ಒಪ್ಪಿಗೆ ಸಿಕ್ಕಿತು.

ಕೊರಿಯಾ ಅಷ್ಟರಲ್ಲೇ ಕಾನೂನು ಬದಲಿಸಿಕೊಂಡಿತ್ತು. ವಿಶೇಷ ಪ್ರತಿಭೆ ಇರುವ ವಿದೇಶಿಯರು ಹಳೆಯ ಪೌರತ್ವ ಬಿಡದೆ ಕೊರಿಯಾ ಪೌರತ್ವ ಪಡೆಯಬಹುದು ಅನ್ನುವ ತಿದ್ದುಪಡಿ ಅದು. 2013ರಲ್ಲಿ ಬ್ರಾಕ್ ರಡುನ್‌ಸ್ಕಿ ಅನ್ನುವ ಆರೂವರೆ ಅಡಿಯ ಹತ್ತಿರದ ಕೆನಡಾ ಆಟಗಾರನಿಗೆ ಪಾಸ್‌ಪೋರ್ಟ್ ಸಿಕ್ಕಿತು. ಗಮನಿಸಿ, ಆತ ಸಿಯೋಲ್ ಪಕ್ಕದ ಅನ್ಯಾಂಗ್ ಹಲ್ಲಾ ಕ್ಲಬ್‌ಗೆ ಬಂದದ್ದು 2008ರಲ್ಲಿ. ಅಂದರೆ ಐದು ವರ್ಷ ಅಲ್ಲಿಯೇ ಬದುಕಿ ಆಡಿದ ಮೇಲೆ ಪೌರತ್ವ. ಮುಂದೆ ಮೈಕಲ್ ಸ್ವಿಫ್ಟ್, ಅವರ ಸೋದರಸಂಬಂಧಿ ಬ್ರಯಾನ್ ಯಂಗ್, ಅಮೆರಿಕದ ಮೈಕ್ ಟೆಸ್ಟ್‌ವೀಡ್, ಎರಿಕ್ ರೇಗನ್, ಅಲೆಕ್ಸ್ ಪ್ಲಾಂಟ್, ಗೋಲ್‌ಕೀಪರ್ ಮ್ಯಾಟ್ ಡಾಲ್ಟನ್. ಒಟ್ಟು ಏಳು ಜನ. ಎಲ್ಲರೂ ಕೊರಿಯಾದ ಕ್ಲಬ್‌ಗಳಲ್ಲಿ ಬೆವರು ಸುರಿಸಿದವರೇ.

ಡಾಲ್ಟನ್ ಕತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೆನಡಾದ ಆಂಟಾರಿಯೊದವರು. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವೂ ಆಡಲಿಲ್ಲ, ರಷ್ಯಾದ ಲೀಗ್ ಸುತ್ತಿ 2014ರಲ್ಲಿ ಅನ್ಯಾಂಗ್‌ಗೆ ಬಂದರು. ಕೊರಿಯನ್ ಹೆಸರು ಹಾನ್ ರಾ-ಸಂಗ್. ಒಲಿಂಪಿಕ್ಸ್‌ಗೆ ಮೊದಲು, 2017ರ ಡಿಸೆಂಬರ್‌ನಲ್ಲಿ, ಮಾಸ್ಕೋದಲ್ಲಿ ಕೊರಿಯಾ ಕೆನಡಾವನ್ನು ಎದುರಿಸಿತು. ಐವತ್ತಕ್ಕೂ ಹೆಚ್ಚು ಹೊಡೆತಗಳನ್ನು ಡಾಲ್ಟನ್ ಒಬ್ಬರೇ ತಡೆದರು. ಕೊರಿಯಾ 4-2ರಿಂದ ಸೋತಿತು, ಆದರೆ ನೋಡಿದವರು ಬೆರಗಾದರು. ಒಲಿಂಪಿಕ್ಸ್‌ಗೆ ಅವರು ಮುಖದ ಮಾಸ್ಕ್ ಮೇಲೆ 16ನೇ ಶತಮಾನದ ನೌಕಾ ವೀರ ಯಿ ಸುನ್-ಶಿನ್ ಅವರ ಪ್ರತಿಮೆಯ ಚಿತ್ರ ಬರೆಸಿಕೊಂಡಿದ್ದರು. ಜಪಾನ್ ನೌಕಾಪಡೆಯನ್ನು ಸೋಲಿಸಿದ ಸೇನಾಪತಿ ಅವರು, ಸಿಯೋಲ್ ನಡುಮಧ್ಯೆ ಅವರ ಪ್ರತಿಮೆ ನಿಂತಿದೆ. ರಾಜಕೀಯ ಸಂಕೇತ ಅನ್ನುವ ಕಾರಣಕ್ಕೆ ಒಲಿಂಪಿಕ್ಸ್‌ನವರು ಅದನ್ನು ಬಳಸಲು ಬಿಡಲಿಲ್ಲ. ಕೆನಡಾದವನೊಬ್ಬ ಕೊರಿಯಾದ ವೀರನನ್ನು ಹಣೆಯ ಮೇಲೆ ಹೊತ್ತುಕೊಳ್ಳಲು ಹೊರಟದ್ದು ನಾಟಕವಾಗಿದ್ದಿರಬಹುದು, ಪ್ರೀತಿಯೂ ಆಗಿದ್ದಿರಬಹುದು. ನಾಲ್ಕು ವರ್ಷ ಅದೇ ಊರಲ್ಲಿ ಇದ್ದವನ ವಿಷಯದಲ್ಲಿ ನಾನು ಎರಡನೆಯದನ್ನೇ ನಂಬುತ್ತೇನೆ.

ಫಲ ಸಿಕ್ಕಿತಾ? ಸಿಕ್ಕಿತು. 2016ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕೆಳ ದರ್ಜೆಯಲ್ಲಿ ಕೊರಿಯಾ ಮೊದಲ ಬಾರಿ ಜಪಾನನ್ನು ಸೋಲಿಸಿತು. 2017ರಲ್ಲಿ ಕೀವ್‌ನಲ್ಲಿ ಉಕ್ರೇನನ್ನು ಶೂಟೌಟ್‌ನಲ್ಲಿ ಸೋಲಿಸಿ ಮೊದಲ ಬಾರಿ ಮೇಲಿನ ದರ್ಜೆಗೆ ಏರಿತು. ಒಲಿಂಪಿಕ್ಸ್‌ನಲ್ಲಿ ಜೆಕ್ ತಂಡಕ್ಕೆ 2-1ರಿಂದ ಸೋತರೂ ಬೆವರಿಳಿಸಿತು. ಆ ಪಂದ್ಯದಲ್ಲಿ ಕೊರಿಯಾದ ಪುರುಷರ ಮೊದಲ ಒಲಿಂಪಿಕ್ ಗೋಲು ಹೊಡೆದವರು ಅಲ್ಲೇ ಹುಟ್ಟಿ ಬೆಳೆದ ಚೋ ಮಿನ್-ಹೋ. 2022ರಲ್ಲಿ 35ನೇ ವಯಸ್ಸಿಗೇ ಕ್ಯಾನ್ಸರ್‌ನಿಂದ ತೀರಿಕೊಂಡರು ಅವರು. ಆಮೇಲೆ ಸ್ವಿಟ್ಜರ್ಲೆಂಡ್ 8-0, ಕೆನಡಾ 4-0, ಫಿನ್ಲೆಂಡ್ 5-2. ಗೆಲುವು ಒಂದೂ ಇಲ್ಲ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏಳಕ್ಕೆ ಏಳೂ ಸೋತು ಕೊರಿಯಾ ಮತ್ತೆ ಕೆಳಕ್ಕೆ ಇಳಿಯಿತು.

ಅದೇ ಒಲಿಂಪಿಕ್ಸ್‌ನ ಕೊರಿಯಾ ಮಹಿಳಾ ತಂಡದಲ್ಲಿ ನಡೆದದ್ದು ಇನ್ನೂ ಕುತೂಹಲದ್ದು. ಅಲ್ಲೂ ಹೊರಗಿನವರಿದ್ದರು. ಅಮೆರಿಕದ ರ‍್ಯಾಂಡಿ ಹೀಸೂ ಗ್ರಿಫಿನ್ ಅವರ ತಾಯಿ ಕೊರಿಯಾದವರು. ಮರಿಸ್ಸಾ ಬ್ರಾಂಟ್ ಕೊರಿಯಾದಲ್ಲಿ ಹುಟ್ಟಿ ಶಿಶುವಾಗಿದ್ದಾಗಲೇ ಅಮೆರಿಕದ ಕುಟುಂಬಕ್ಕೆ ದತ್ತು ಹೋದವರು. ಅಕ್ಕ ಕೊರಿಯಾಕ್ಕೆ ಆಡುತ್ತಿದ್ದರೆ, ಅದೇ ಮನೆಯ ತಂಗಿ ಹ್ಯಾನಾ ಬ್ರಾಂಟ್ ಅಮೆರಿಕ ತಂಡದಲ್ಲಿ ಚಿನ್ನ ಗೆದ್ದರು. ಇವರ ಬಗ್ಗೆ ಕೊರಿಯಾದ ಜನ ಹೆಚ್ಚು ತಕರಾರು ಮಾಡಲಿಲ್ಲ. ಗಲಾಟೆಯಾದದ್ದು ಬೇರೆ ವಿಷಯಕ್ಕೆ. ಕೂಟಕ್ಕೆ ಕೆಲವೇ ವಾರ ಇದ್ದಾಗ ಎರಡೂ ಕೊರಿಯಾಗಳ ಸರ್ಕಾರಗಳು ಮಾತಾಡಿಕೊಂಡು ಜಂಟಿ ತಂಡ ಅಂತ ಘೋಷಿಸಿದವು, ಉತ್ತರ ಕೊರಿಯಾದ 12 ಆಟಗಾರ್ತಿಯರು ಬಂದು ಸೇರಿಕೊಂಡರು, ಕೋಚ್ ಸಾರಾ ಮರ‍್ರೇ ಪ್ರತಿ ಪಂದ್ಯದಲ್ಲೂ ಅವರಲ್ಲಿ ಮೂವರನ್ನು ಆಡಿಸಬೇಕಾಯಿತು. ದಕ್ಷಿಣದ ಇಪ್ಪತ್ತು ಮೂವತ್ತರ ವಯಸ್ಸಿನವರು ಸಿಟ್ಟಾದರು. ವರ್ಷಗಟ್ಟಲೆ ಕಷ್ಟಪಟ್ಟ ಹುಡುಗಿಯರು ಬೆಂಚಿನಲ್ಲಿ ಕೂರಬೇಕಾ ಅಂತ.

ರಕ್ತದ ಲೆಕ್ಕ ಹಾಕಿದರೆ ಉತ್ತರದವರು ಅಪ್ಪಟ ಕೊರಿಯನ್ನರು. ಡಾಲ್ಟನ್‌ಗೆ ಕೊರಿಯಾದ ರಕ್ತ ಒಂದು ತೊಟ್ಟೂ ಇಲ್ಲ. ಆದರೂ ಜನ ಸಿಟ್ಟಾದದ್ದು ಮೊದಲನೆಯದಕ್ಕೆ. ಸರದಿಯಲ್ಲಿ ನಿಂತು ಬಂದವರನ್ನು ಜನ ಒಪ್ಪುತ್ತಾರೆ, ನಡುವೆ ನುಗ್ಗಿಸಿದವರನ್ನು ಒಪ್ಪುವುದಿಲ್ಲ. ಹಾಗೆ ಬಂದ ಆಟಗಾರ್ತಿಯರ ತಪ್ಪೇನೂ ಇಲ್ಲ ಬಿಡಿ, ಅವರನ್ನು ಯಾರು ಕೇಳಿದ್ದರು? ಅಂದಹಾಗೆ ಆ ಜಂಟಿ ತಂಡದ ಮೊದಲ ಗೋಲು ಬಂದದ್ದು ಜಪಾನ್ ವಿರುದ್ಧ, ಹೊಡೆದವರು ಗ್ರಿಫಿನ್.

ಚೀನಾಕ್ಕೆ ಹೀಗೆ ಸಾವಕಾಶವಾಗಿ ಹೋಗುವ ತಾಳ್ಮೆ ಇರಲಿಲ್ಲ. 2016ರಲ್ಲಿ ಕುನ್‌ಲುನ್ ರೆಡ್ ಸ್ಟಾರ್ ಅನ್ನುವ ಕ್ಲಬ್ ಹುಟ್ಟುಹಾಕಿ, ರಷ್ಯಾ ಕೇಂದ್ರಿತ ಕೆಎಚ್‌ಎಲ್ ಲೀಗ್‌ಗೆ ಸೇರಿಸಿತು. ಲೆಕ್ಕಾಚಾರ ಏನೆಂದರೆ, ವಿದೇಶಿಯರು ಈ ಕ್ಲಬ್‌ನಲ್ಲಿ ಆಡಿದರೆ ಚೀನಾದಲ್ಲಿ ಆಡಿದ ಹಾಗೆ. ಕೋವಿಡ್ ಬಂತು, ಕ್ಲಬ್ ಮಾಸ್ಕೋ ಪಕ್ಕದ ಮಿತಿಶ್ಚಿಗೆ ಹೋಯಿತು. ಅಂದರೆ ಚೀನಾದ ರಾಷ್ಟ್ರೀಯ ತಂಡ ಆಗಬೇಕಾದವರು ತಯಾರಾದದ್ದು ರಷ್ಯಾದ ಉಪನಗರದಲ್ಲಿ, ಚೀನಾದ ಒಬ್ಬ ಪ್ರೇಕ್ಷಕನೂ ಇಲ್ಲದ ರಿಂಕ್‌ನಲ್ಲಿ ಅಂದರೂ ಆದೀತು. ತಂಡ ಸೋತ ಮೇಲೆ ಸೋಲುತ್ತಿತ್ತು. 2021ರಲ್ಲಿ ಐಐಎಚ್‌ಎಫ್ ಅಧ್ಯಕ್ಷ ಲುಕ್ ತಾರ್ದಿಫ್, ಚೀನಾ ಒಲಿಂಪಿಕ್ಸ್‌ನಲ್ಲಿ ಆಡುವಷ್ಟು ಗಟ್ಟಿಯಾಗಿದೆಯಾ ಅಂತ ಬಹಿರಂಗವಾಗಿಯೇ ಅನುಮಾನಿಸಿದರು. ಬದಲಿಗೆ ನಾರ್ವೆ ಅನ್ನುವ ಮಾತೂ ಬಂತು. ಕೊನೆಗೆ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು.

ಪೌರತ್ವದ ಕತೆ ಇನ್ನೂ ವಿಚಿತ್ರ. ಚೀನಾದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಆದರೆ ತಮ್ಮ ಅಮೆರಿಕದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಾಗಿ ಬರಲಿಲ್ಲ ಅಂತ ಆಟಗಾರರೇ ಪತ್ರಕರ್ತರಿಗೆ ಹೇಳಿದರು. ಸಾಮಾನ್ಯ ಚೀನೀಯನೊಬ್ಬ ವಿದೇಶಿ ಪೌರತ್ವ ತೆಗೆದುಕೊಂಡರೆ ತಾನೇತಾನಾಗಿ ಚೀನಾ ಪೌರತ್ವ ಹೋಗುತ್ತದೆ, ಪಕ್ ತಡೆಯುವವನಿಗೆ ಮಾತ್ರ ಕಾನೂನು ಬಾಗುತ್ತದೆ. ಕೊರಿಯಾ ಕಾನೂನನ್ನೇ ತಿದ್ದಿ, ಎಲ್ಲರಿಗೂ ಕಾಣುವ ಹಾಗೆ ಮಾಡಿತು. ನನಗೆ ಚೀನಾದ ಮೇಲೆ ಇರುವ ತಕರಾರು ಇದೊಂದೇ: ಕೆನಡಾದವರನ್ನು ಆಡಿಸಿದ್ದಲ್ಲ, ಕದ್ದುಮುಚ್ಚಿ ಆಡಿಸಿದ್ದು.

ಲೆಕ್ಕ ನೋಡಿ. ಕೊರಿಯಾ ಏಳು ಜನ ಹೊರಗಿನವರೊಂದಿಗೆ ನಾಲ್ಕು ಪಂದ್ಯದಲ್ಲಿ 3 ಗೋಲು ಹೊಡೆದು 19 ಬಿಟ್ಟುಕೊಟ್ಟಿತು. ಚೀನಾ ಅದರ ಎರಡರಷ್ಟು ಜನರನ್ನು ತಂದು, ಅಷ್ಟೇ ಪಂದ್ಯದಲ್ಲಿ 4 ಹೊಡೆದು 23 ಬಿಟ್ಟುಕೊಟ್ಟಿತು. ಎರಡೂ ಒಂದೂ ಗೆಲ್ಲಲಿಲ್ಲ. ಹಾಗಂತ ಚೀನಾದ್ದು ಪೂರ್ತಿ ದಂಡ ಅನ್ನಲೂ ಆಗದು, ಜರ್ಮನಿ ಎದುರು ಬರೀ 3-2ರಿಂದ ಸೋತಿತು. ಅದರ ಮಹಿಳಾ ತಂಡವಂತೂ ಡೆನ್ಮಾರ್ಕ್ ಮತ್ತು ಜಪಾನ್ ಎರಡನ್ನೂ ಸೋಲಿಸಿತು.

ಆಮೇಲೆ ಉಳಿದದ್ದೇನು? ಇಲ್ಲಿ ಎರಡೂ ದೇಶಗಳಿಗೆ ಹೇಳಿಕೊಳ್ಳುವಂಥದ್ದು ಕಮ್ಮಿ. ಕುನ್‌ಲುನ್ ಕ್ಲಬ್ ಈಗ ಶಾಂಘೈ ಡ್ರ್ಯಾಗನ್ಸ್ ಅಂತ ಹೆಸರು ಬದಲಿಸಿಕೊಂಡಿದೆ, ಆದರೆ ತವರು ಪಂದ್ಯ ಆಡುವುದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಕೊರಿಯಾದಲ್ಲಿ ಡೇಮ್ಯಂಗ್ ಕಿಲ್ಲರ್ ವೇಲ್ಸ್ ಅನ್ನುವ ಕ್ಲಬ್ 2021ರಲ್ಲಿ ಬಾಗಿಲು ಹಾಕಿತು. ಜಪಾನ್, ಕೊರಿಯಾದ ಕ್ಲಬ್‌ಗಳು ಆಡುವ ಏಷ್ಯಾ ಲೀಗ್‌ನಲ್ಲಿ ಕೊರಿಯಾದ ಪಾಲಿಗೆ ಉಳಿದದ್ದು ಅನ್ಯಾಂಗ್ ಒಂದೇ. ಡಾಲ್ಟನ್ ಮಾತ್ರ ಕೂಟ ಮುಗಿದ ಮೇಲೂ ಅದೇ ಕ್ಲಬ್‌ನಲ್ಲಿ ವರ್ಷಗಟ್ಟಲೆ ಗೋಲು ಕಾದರು. ತಂದ ಆಟಗಾರ ಉಳಿದ, ಎದುರಾಡಲು ಕೊರಿಯಾದ ಇನ್ನೊಂದು ಕ್ಲಬ್ ಉಳಿಯಲಿಲ್ಲ. ಹೊರಗಿನವರನ್ನು ದೂರುವವರು ಈ ಕಡೆ ನೋಡುವುದೇ ಇಲ್ಲ.

ಇದು ಏಷ್ಯಾದವರ ಚಾಳಿ ಅಂದುಕೊಳ್ಳುವ ಯುರೋಪಿಯನ್ನರಿಗೆ 1936 ನೆನಪಿಸಬೇಕು. ಆ ವರ್ಷ ಜರ್ಮನಿಯ ಗಾರ್ಮಿಶ್ ಒಲಿಂಪಿಕ್ಸ್‌ನಲ್ಲಿ ಐಸ್ ಹಾಕಿ ಚಿನ್ನ ಗೆದ್ದದ್ದು ಬ್ರಿಟನ್! ಹೇಗೆ ಅಂದರೆ, ತಂಡದ ಬಹುಪಾಲು ಆಟಗಾರರು ಬ್ರಿಟನ್‌ನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಕೆನಡಾಕ್ಕೆ ಹೋಗಿ ಅಲ್ಲಿ ಆಟ ಕಲಿತವರು. ಗೋಲ್‌ಕೀಪರ್ ಜಿಮ್ಮಿ ಫಾಸ್ಟರ್ ಗ್ಲಾಸ್ಗೋದಲ್ಲಿ ಹುಟ್ಟಿ ವಿನಿಪೆಗ್‌ನಲ್ಲಿ ಬೆಳೆದವರು. ಫಾಸ್ಟರ್ ಮತ್ತು ಅಲೆಕ್ಸ್ ಆರ್ಚರ್ ನಮ್ಮ ಅನುಮತಿ ಇಲ್ಲದೆ ಹೋದವರು ಅಂತ ಕೆನಡಾ ದೂರು ಕೊಟ್ಟಿತು, ಆಮೇಲೆ ಕೈಬಿಟ್ಟಿತು. ಬ್ರಿಟನ್ 2-1ರಿಂದ ಕೆನಡಾವನ್ನೇ ಸೋಲಿಸಿತು. 1948ರ ನಂತರ ಬ್ರಿಟನ್ ಪುರುಷರು ಒಲಿಂಪಿಕ್ಸ್ ಐಸ್ ಹಾಕಿಯಲ್ಲಿ ಕಾಣಿಸಿಕೊಂಡೇ ಇಲ್ಲ.

ಕಜಕಿಸ್ತಾನ ಇದನ್ನು ಸದ್ದಿಲ್ಲದೆ ನಡೆಸಿಕೊಂಡು ಬಂದಿದೆ. ಬಾರಿಸ್ ಕ್ಲಬ್‌ನಲ್ಲಿ ವರ್ಷಗಳಿಂದ ಆಡಿದ ಕೆವಿನ್ ಡಾಲ್ಮನ್, ನೈಜೆಲ್ ಡಾಸ್, ಡ್ಯಾರೆನ್ ಡೀಟ್ಸ್ ಮುಂತಾದವರಿಗೆ ಪೌರತ್ವ ಕೊಟ್ಟಿತು. 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಿನ್ಲೆಂಡ್‌ಗೇ ಶೂಟೌಟ್‌ನಲ್ಲಿ ನೀರು ಕುಡಿಸಿತು. ಅಲ್ಲಿ ಸೋವಿಯತ್ ಕಾಲದಿಂದ ಬಂದ ಆಟ ಇದೆ, ಸ್ಥಳೀಯ ಹುಡುಗರಿದ್ದಾರೆ, ಹೊರಗಿನ ಒಬ್ಬಿಬ್ಬರು ಸೇರಿದರೆ ತೂಕ ಬರುತ್ತದೆ. ಇಟಲಿಯದು ಇನ್ನೊಂದು ದಾರಿ, ಕೆನಡಾಕ್ಕೆ ವಲಸೆ ಹೋದ ಇಟಲಿಯವರ ಮಕ್ಕಳು ಮೊಮ್ಮಕ್ಕಳನ್ನು ದಶಕಗಳಿಂದ ಕರೆಸಿಕೊಂಡು ಆಡಿಸುತ್ತಿದೆ.

ನಮ್ಮಲ್ಲಿ ಈ ಚರ್ಚೆ ಈಗ ಫುಟ್‌ಬಾಲ್ ಮೂಲಕ ಬಂದಿದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದವರೂ ದೇಶಕ್ಕೆ ಆಡುವಂತಿಲ್ಲ, ಪಾಸ್‌ಪೋರ್ಟೇ ಬೇಕು ಅನ್ನುವುದು 2008ರಿಂದ ಸರ್ಕಾರದ ನಿಲುವು. ಜಪಾನ್‌ನಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಅರಾತಾ ಇಜುಮಿ ಹಿಂದೆ ಜಪಾನ್ ಪೌರತ್ವ ಬಿಟ್ಟೇ ಭಾರತಕ್ಕೆ ಆಡಿದ್ದರು. 2025ರಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ಅವರ ತಾಯಿಯ ಕುಟುಂಬ ಮುಂಬೈಯದು. ಕಂಠೀರವದಲ್ಲಿ ಅವರ ಆಟ ನೋಡಿದವರಿಗೆ ಅವರು ಹೊರಗಿನವರು ಅಂತ ಅನ್ನಿಸಿರಲಿಕ್ಕಿಲ್ಲ. ಎರಡು ಸೀಸನ್ ಇಲ್ಲೇ ಆಡಿದ ಮೇಲೆ ಬಂದ ಪಾಸ್‌ಪೋರ್ಟ್ ಅದು. ಐಸ್ ಹಾಕಿಯ ನಿಯಮ ಕೇಳುವುದೂ ಇದನ್ನೇ ಅಲ್ವಾ?

ಉಲ್ಟಾ ದಿಕ್ಕಿನಲ್ಲೂ ನಮಗೆ ಉದಾಹರಣೆ ಇದೆ. ನಾಸ್ತುಷ್ ಕೆಂಜಿಗೆ ಅಮೆರಿಕದಲ್ಲಿ ಹುಟ್ಟಿ, ಚಿಕ್ಕಮಗಳೂರಿನ ಕಾಫಿ ತೋಟದ ಮನೆಯಲ್ಲಿ ಬೆಳೆದು, ಬೆಂಗಳೂರಲ್ಲಿ ಕ್ರಿಕೆಟ್ ಆಡಿ, ಮತ್ತೆ ಅಮೆರಿಕಕ್ಕೆ ಹೋದವರು. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿದಾಗ ಮೂರು ವಿಕೆಟ್ ಕಿತ್ತರು. ನಾವು 'ನಮ್ಮ ಚಿಕ್ಕಮಗಳೂರು ಹುಡುಗ' ಅಂತ ಖುಷಿಪಟ್ಟೆವು, ಅಮೆರಿಕ ತಂಡ ನಕಲಿ ಅಂತ ಯಾರೂ ಅನ್ನಲಿಲ್ಲ. ನಮ್ಮವರು ಹೋಗಿ ಆಡಿದರೆ ಹೆಮ್ಮೆ, ಬೇರೆಯವರು ಬಂದು ಆಡಿದರೆ ಅನುಮಾನ. ಇದನ್ನು ಒಪ್ಪಿಕೊಂಡೇ ಮುಂದೆ ಮಾತಾಡಬೇಕು.

ಹಾಗಾದರೆ ಭಾರತದ ಐಸ್ ಹಾಕಿಗೆ ಕೆನಡಾದ ಪಂಜಾಬಿ ಹುಡುಗರನ್ನು ಕರೆತರಬಹುದಲ್ಲ? ಪ್ರತಿಭೆಗೇನೂ ಕೊರತೆ ಇಲ್ಲ. ರಾಬಿನ್ ಬಾವಾ 1989ರಷ್ಟು ಹಿಂದೆಯೇ ಎನ್‌ಎಚ್‌ಎಲ್‌ನಲ್ಲಿ ಆಡಿದ್ದರು, ಇತ್ತೀಚೆಗೆ ಜುಝಾರ್ ಖೈರಾ ಆಡಿದರು. ಕೆನಡಾ ಪೌರತ್ವ ಬಿಟ್ಟು ಬಾ ಅಂದರೆ ಯಾರು ಬರುತ್ತಾರೆ ಅನ್ನುವುದು ಒಂದು. ಒಂದು ವೇಳೆ ಸರ್ಕಾರ ಒಸಿಐಗೆ ಬಾಗಿಲು ತೆರೆಯಿತು ಅಂತಲೇ ಇಟ್ಟುಕೊಳ್ಳೋಣ, ಐಐಎಚ್‌ಎಫ್ ನಿಯಮ ಹೇಗೂ ಇದೆ: ಎರಡು ವರ್ಷ ಇಲ್ಲೇ ಆಡಿರಬೇಕು. ಎಲ್ಲಿ ಆಡುತ್ತಾರೆ? ನಮ್ಮ ಆಟ ಇರುವುದು ಬಹುಪಾಲು ಲಡಾಖ್‌ನಲ್ಲಿ. ಅಲ್ಲಿ ಕೆರೆಗಳು ಗಟ್ಟಿಯಾಗಿ ಹೆಪ್ಪುಗಟ್ಟಿರುವುದು ಚಳಿಗಾಲದ ಒಂದೆರಡು ತಿಂಗಳು. ಕೃತಕ ಮಂಜಿನ ದೊಡ್ಡ ರಿಂಕ್‌ಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಇಷ್ಟರಲ್ಲೇ ಲಡಾಖ್‌ನ ಹುಡುಗಿಯರೇ ತುಂಬಿದ್ದ ನಮ್ಮ ಮಹಿಳಾ ತಂಡ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು, ಒಬ್ಬರನ್ನೂ ಹೊರಗಿನಿಂದ ಕರೆಸದೆ. ಅವರು ಕೇಳುತ್ತಿರುವುದು ವರ್ಷಪೂರ್ತಿ ಆಡಲು ಮಂಜು. ಅದು ಬರುವವರೆಗೆ ಕೆನಡಾದಿಂದ ಯಾರು ಬಂದರೂ ಅವರ ಆ ಎರಡು ವರ್ಷ ಕಳೆಯಲು ನಮ್ಮಲ್ಲಿ ಜಾಗವೇ ಇಲ್ಲ.